ಸೆಲಾ ಮಾಸ್ತರ್

ನಮ್ಮ ಶಹಾಪುರದ ಚರ್ಚಿನಲ್ಲಿ ಯೇಸುಮಿತ್ರ ಮಾಸ್ತರ್ ಕೀರ್ತನೆ ಓದುತ್ತಿದ್ದ ಭಾನುವಾರಗಳು ಈಗಲೂ ನನ್ನ ಕಿವಿಯಲ್ಲಿವೆ. ಹೀಬ್ರೂವಿನಿಂದ ಹಾಗೇ ಉಳಿದುಬಂದ ‘ಸೆಲಾ’ ಎಂಬ ಪದ ಬಂದರೆ ಸಾಕು, ಕನ್ನಡಕ ಸರಿಮಾಡಿಕೊಂಡು, ಕಿಟಕಿಯ ಪಾರಿವಾಳ ಹಾರಿಹೋಗುವಷ್ಟು ಗಟ್ಟಿಯಾಗಿ ಹೇಳಿ, ನಾವು ಕೆಮ್ಮುವವರೆಗೂ ಸುಮ್ಮನೆ ನಿಲ್ಲುತ್ತಿದ್ದರು. ಅರ್ಥ ಕೇಳಿದರೆ ಒಮ್ಮೆ ‘ತಡೆದು ನಿಲ್ಲು’ ಎನ್ನುವರು, ಒಮ್ಮೆ ‘ದನಿ ಎತ್ತು’ ಎನ್ನುವರು, ಕೊನೆಗೆ “ಪಂಡಿತರಿಗೇ ಗೊತ್ತಿಲ್ಲಪಾ” ಎಂದು ನಗುವರು. “ನೀರಿನ ಸೆಲಿನೇ ಇರಬೇಕ್ರಿ ಮಾಸ್ತರ” ಎಂದ ಮುದುಕಿ ಮೌನಮ್ಮನ ಮಾತನ್ನೂ ಬೈಬಲಿನ ಅಂಚಿನಲ್ಲಿ ಬರೆದುಕೊಂಡಿದ್ದರು. ಹೊಸದಾಗಿ ಬಂದ ಪಾದ್ರಿಗಳು ಒಂದು ದಿನ, “ಅರ್ಥ ಗೊತ್ತಿಲ್ಲದ ಪದ ಯಾಕ್ರಿ, ಬಿಟ್ಟು ಓದ್ರಿ” ಎಂದರು. ಮಾಸ್ತರ್ ಪುಸ್ತಕ ಮುಚ್ಚಿದರು. “ಅಯ್ಯನೋರ, ನಾನು ಯಾದಗಿರಿ ಸ್ಟೇಷನ್ನಿನ ಬೆಂಚಿನ ಮ್ಯಾಲ ಸಿಕ್ಕ ಕೂಸು. ಯಾರ ಮಗ, ಯಾವೂರಾವ, ಇವತ್ತಿಗೂ ಗೊತ್ತಿಲ್ಲ. ಆದ್ರೂ ನನ್ನ ಸಾಕಿದ ಸಾವಿತ್ರಿಬಾಯಿ ಅವತ್ತು ನನ್ನ ಬಿಟ್ಟು ಹೋಗಲಿಲ್ರಿ, ಎತ್ಕೊಂಡು ಬಂದ್ಲು.” ಮುಂದಿನ ಭಾನುವಾರ ಪಾದ್ರಿಗಳೇ ಕೀರ್ತನೆ ಓದಲು ನಿಂತರು. ಆ ಪದ ಬಂದಾಗ ಮಾಸ್ತರರ ಕಡೆ ಒಮ್ಮೆ ನೋಡಿ, ಬಿಡದೆ, ನಿಧಾನವಾಗಿ ಓದಿದರು.