ಶಿಲ್ಲಾಂಗಿನ ಕಿರಿಮಗಳು

ಕಾರ್ಲ್‌ಸ್ಕ್ರೂನಾ ಸ್ಟೇಷನ್ನಿನ ಕೆಫೆಯಲ್ಲಿ ನನ್ನೆದುರು ಕೂತವಳು ಇಬಾನ್, ಶಿಲ್ಲಾಂಗಿನ ಖಾಸಿ ಹುಡುಗಿ. ಆಗ ಫೀಸಿರಲಿಲ್ಲವೆಂದು ಈ ದೂರದ ದೇಶಕ್ಕೆ ಓದಲು ಬಂದವಳು. ಟೆಲಿಕಾಂ ಕೆಲಸವೂ ಸಿಕ್ಕಿತ್ತಂತೆ. ಈಗ ಅದನ್ನು ಬಿಟ್ಟು ಊರಿಗೆ ಹೊರಟಿದ್ದಾಳೆ. ನನ್ನನ್ನು ‘ಕಾಂಗ್’ ಅನ್ನುತ್ತಾಳೆ, ಅವರಲ್ಲಿ ಅಕ್ಕ ಎಂದರ್ಥ.

“ಯಾಕಮ್ಮಾ ಬಿಟ್ಟೆ?”

“ನಾನು ಕಿರಿಮಗಳು, ಕಾಂಗ್. ನಮ್ಮಲ್ಲಿ ಮನೆ ಕಿರಿಮಗಳಿಗೇ. ಅಮ್ಮನನ್ನು ನೋಡಿಕೊಳ್ಳಬೇಕು. ಹೆಂಡತಿಯ ಮನೆಗೆ ಹೋದ ಅಣ್ಣ ಮುನಿಸಿಕೊಂಡು ವಾಪಸು ಬಂದರೆ ಬಾಗಿಲು ತೆಗೆಯಬೇಕು.”

ಅಣ್ಣ ಮುನಿಸಿಕೊಂಡು ತವರಿಗೆ ಬರುವುದು! ಕೈಯಲ್ಲಿದ್ದ ಏಲಕ್ಕಿ ಬನ್ನು ಹಾಗೇ ಉಳಿಯಿತು. ಇಡೀ ಕುಟುಂಬ ಈ ಪುಟ್ಟ ಹುಡುಗಿಯ ಹೆಗಲ ಮೇಲಿದೆ, ಇವಳು ಹಾಯಾಗಿ ಕಾಫಿ ಕುಡಿಯುತ್ತಿದ್ದಾಳೆ.

ಮಂಗಳೂರಿನವಳು ನಾನೇನು ಕಡಿಮೆ? “ನಮ್ಮ ಕಡೆಯೂ ಆಸ್ತಿ ತಾಯಿಯ ವಂಶದಲ್ಲೇ ಇಳಿದು ಬರುತ್ತಿತ್ತು,” ಎಂದು ಬೀಗಿದೆ. “ಅಳಿಯಸಂತಾನ ಅಂತಾರೆ.”

“ಹಾಗಂದರೆ?”

“ಅಳಿಯ ಅಂದರೆ ಅಕ್ಕತಂಗಿಯರ ಮಗ. ಅವನ ಸಂತಾನ...”

ಅರ್ಥ ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿ ಇಳಿಯಿತು.

ಇಬಾನ್ ಕಪ್ಪು ಕೆಳಗಿಟ್ಟಳು. “ಆ ಹೆಸರಿನಲ್ಲಿ ತಾಯಿ ಎಲ್ಲಿದ್ದಾಳೆ, ಕಾಂಗ್?”