ತೆಳು ನೆಕ್ಕಿನ ಗಿಟಾರು

ಶಹಾಬಾದಿನಲ್ಲಿ ಕಾರ್ಖಾನೆಯೊಂದರ ಪ್ರೆಸ್ಸಿಗೆ ನನ್ನ ಗಂಡನ ಎಡಗೈ ಸಿಕ್ಕಿತು. ಬೆರಳುಗಳೇನೋ ಉಳಿದವು, ಕೊನೆಯ ಎರಡು ಮಾತ್ರ ಮತ್ತೆ ಬಾಗಲೇ ಇಲ್ಲ. ಅದಕ್ಕೂ ಮೊದಲು ವಾಡಿಯ ರೈಲ್ವೆ ಇನ್‌ಸ್ಟಿಟ್ಯೂಟಿನ ಡ್ಯಾನ್ಸುಗಳಿಗೆಲ್ಲ ಅವರದೇ ಲೀಡ್ ಗಿಟಾರು. ಕಾನ್ವೆಂಟಿನಲ್ಲಿ ಪಿಯಾನೊ ಕಲಿತ ನಾನು ಅವರನ್ನು ಮೆಚ್ಚಿದ್ದೇ ಆ ಎಲೆಕ್ಟ್ರಿಕ್ ಗಿಟಾರು ಕೇಳಿ.

ಅದರ ನೆಕ್, ಎಡಗೈಯಲ್ಲಿ ಹಿಡಿದು ತಂತಿ ಒತ್ತುವ ಆ ಉದ್ದನೆಯ ಕತ್ತು, ದಪ್ಪ. ಅದೇ ಮಾಡೆಲ್ಲು ಈಗ ತೆಳು ನೆಕ್ಕಿನದು ಬರುತ್ತದೆ, ಸೆಟೆದ ಬೆರಳಿಗೂ ಒಗ್ಗೀತು ಎಂದು, ಹಡಗಿನಲ್ಲಿ ಕೆಲಸಕ್ಕಿದ್ದ ಮೈದುನ ಹೊಸದೊಂದನ್ನು ತಂದುಕೊಟ್ಟು ಹೋದ. ಹಳೆಯದನ್ನೂ ಹೊಸದನ್ನೂ ಹಾಸಿಗೆಯ ಮೇಲೆ ಪಕ್ಕಪಕ್ಕ ಇಟ್ಟೆವು.

ಬಾಗಿಲಲ್ಲಿ ನಿಂತ ಅತ್ತೆ, "ಯವ್ವಾ, ಅವಳಿ ಕೂಸು ಮಲಗಿಸ್ದಂಗ ಮಲಗಿಸೀರಲ್ಲ! ಇವೆರಡಕ್ಕ ಫರಕ್ ಏನದ?" ಎಂದರು.

ಇತ್ತು. ಹಳೆಯದರ ತಲೆ ಚಿಕ್ಕದು, ಹೊಸದರದು ಅಗಲ. ಹಳೆಯ ನೆಕ್ಕನ್ನು ಹಿಂದಿನಿಂದ ನಾಲ್ಕು ಸ್ಕ್ರೂ ಹಿಡಿದಿದ್ದವು, ಹೊಸದಕ್ಕೆ ಮೂರೇ. ಹಳೆಯದರ ಬಣ್ಣ ಅವರ ಮೊಣಕೈ ಊರುವಲ್ಲಿ ಸವೆದು ಮರ ಕಾಣುತ್ತಿತ್ತು; ಹೊಸದಕ್ಕೆ ಗಾಜು ಸುರಿದಂಥ ದಪ್ಪ ಪಾಲಿಶ್. ಒಂದೊಂದನ್ನೇ ಅವರು ತೋರಿಸಿದರು, ನಾನು ಮುಟ್ಟಿ ನೋಡಿದೆ. ಆ ಅರ್ಧ ಗಂಟೆ ನಾವು ಎಷ್ಟು ಹ್ಯಾಪಿ ಆಗಿದ್ದೆವು!

ಆಮೇಲೆ ಹೊಸದನ್ನು ತೊಡೆಯ ಮೇಲಿಟ್ಟುಕೊಂಡರು. ನೆಕ್ ಅಂಗೈಯಲ್ಲಿ ಸರಿಯಾಗಿಯೇ ಕೂತಿತು. ಎರಡು ಬೆರಳು ತಂತಿ ಒತ್ತಿದವು, ಉಳಿದೆರಡು ಮೇಲೆಯೇ ನಿಂತವು. ಬಲಗೈಯಿಂದ ಅವನ್ನು ತಂತಿಗೆ ಒತ್ತಿ ಹಿಡಿದರು, ಬಿಟ್ಟೊಡನೆ ಎದ್ದವು.

"ಮೂರು ಸ್ಕ್ರೂ ಸಾಲಂಗಿಲ್ಲ," ಅಂದರು, ನನ್ನ ಕಡೆ ನೋಡದೆ. "ನೆಕ್ ಅಲಗಾಡ್ಲಿಕತ್ತದ, ನೋಡು."

ಹಿಡಿದು ನೋಡಿದೆ. ಕಲ್ಲಿನಂತಿತ್ತು.

"ಹೌದ್ರಿ, ಭಾಳ ಅಲಗಾಡ್ತದ. ಪೂರ್ ವರ್ಕ್‌ಮನ್‌ಶಿಪ್."

"ವಜ್ಜಾನೂ ಅದ."

"ಟೂ ಹೆವಿ," ಅಂದೆ.

ಅತ್ತೆಗೆ ಕಿರಿಮಗನ ಪರ ಸಿಟ್ಟು ಬಂತು. "ಪಾಪ, ನಿನ್ನ ತಮ್ಮ ಎಲ್ಲಿಂದೋ ಹೊತ್ಕೊಂಡು ಬಂದಾನ, ನೀವಿಬ್ರೂ ಕುಂತು ಹೆಸರಿಡ್ಲಿಕತ್ತೀರಿ! ಹಳೇದೇ ಚಲೋ ಇದ್ರ ಹಳೇದೇ ಬಾರಸು. ಯಾರು ಬ್ಯಾಡ ಅಂದಾರ?"

ಅವರು ಹೊಸದನ್ನು ಇಳಿಸಿ ಹಳೆಯದನ್ನು ಎತ್ತಿಕೊಂಡರು. ಎಡಗೈ ಹಾಸಿಗೆಯ ಮೇಲೇ ಉಳಿಯಿತು. ಬಲಗೈ ಹೆಬ್ಬೆರಳಿನಿಂದ ಆರೂ ತಂತಿಗಳನ್ನು ಒಮ್ಮೆ ಸವರಿದರು. ಆಂಪ್ಲಿಫೈಯರಿಗೆ ಜೋಡಿಸದ ಗಿಟಾರು. ಆ ಸಣ್ಣ ಸದ್ದು ಬಾಗಿಲವರೆಗೂ ಮುಟ್ಟಲಿಲ್ಲ.

"ಬಾರಸಪಾ," ಎಂದರು ಅತ್ತೆ, "ಸುಮ್ಮ ಯಾಕ ಕುಂತಿ?"