ಓವರ್ಸಿಯರ್ ಕೊಟ್ರಪ್ಪನ ಫಟಫಟಿ
ಕುಕನೂರಿನಿಂದ ಯಲಬುರ್ಗಾಕ್ಕೆ ಹೋಗುವ ರಸ್ತೆಯನ್ನು ನೋಡಿಕೊಳ್ಳಲೆಂದು ನಿಜಾಮರ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿರುವ ಓವರ್ಸಿಯರ್ ಕೊಟ್ರಪ್ಪ, ನೋಡಿಕೊಳ್ಳುವುದು ತನ್ನ ಫಟಫಟಿ ಮೋಟಾರ್ ಸೈಕಲ್ಲನ್ನು ಮಾತ್ರ. ರಸ್ತೆಯಲ್ಲಿ ತಗ್ಗು ಬಿದ್ದರೆ ಬೇರೆಯವರಾಗಿದ್ದರೆ ಗರಸು ಮಣ್ಣು ಹಾಕಿಸುತ್ತಿದ್ದರು. ಈ ಮಹಾಶಯ ಮುಂದಿನ ಚಕ್ರದ ಸ್ಪ್ರಿಂಗ್ ಬದಲಿಸುತ್ತಾನೆ. ತಗ್ಗು ಮೊಣಕಾಲುದ್ದ ಆಯಿತೆನ್ನಿ, ಯುದ್ಧದಿಂದ ಮರಳಿದ ಲಾರಿಗಳ ಸ್ಪ್ರಿಂಗ್ ಹುಡುಕಿಕೊಂಡು ಗಂಗಾವತಿಗೆ ಓಡುತ್ತಾನೆ. ಸ್ಪ್ರಿಂಗಿನ ಪರೀಕ್ಷೆಗೂ ಅವನದೇ ಪದ್ಧತಿ: ಬಿಳಿ ಅಂಗಿ ತೊಟ್ಟು, ಬಾಯಿ ತುಂಬ ಎಲೆಅಡಿಕೆ ಜಗಿಯುತ್ತ ರಸ್ತೆಯುದ್ದಕ್ಕೂ ಹೋಗಿಬರುವುದು. ಅಂಗಿಯ ಮೇಲೆ ಕೆಂಪು ಹನಿ ಬೀಳದಿದ್ದರೆ, ರಸ್ತೆ ಸುಸ್ಥಿತಿಯಲ್ಲಿದೆ ಎಂದು ಮೇಲಿನವರಿಗೆ ಉರ್ದುವಿನಲ್ಲಿ ವರದಿ! “ಸಾಹೇಬ್ರ, ತಗ್ಗಿನ್ಯಾಗ ಬಂಡಿ ಅಚ್ಚು ಮುರಿತಾವ್ರಿ” ಎಂದು ರೈತರು ಗೋಳಾಡಿದರೆ, ರಸ ಚೆಲ್ಲದಂತೆ ಗದ್ದ ಮೇಲೆತ್ತಿ, “ನನಗೇನೂ ಗೊತ್ತಾಗ್ಲಿಲ್ಲಲ್ಲಪ್ಪ, ನೀನೂ ಸ್ಪ್ರಿಂಗ್ ಹಾಕ್ಸು” ಎನ್ನುತ್ತಾನೆ. ಎಲ್ಲಕ್ಕಿಂತ ಮೆತ್ತಗಿನ ಸ್ಪ್ರಿಂಗ್ ಇರುವುದು ಹಿಂದಿನ ಸೀಟಿಗೆ. ಮೇಲೆ ಮಖಮಲ್ಲಿನ ಗಾದಿ ಬೇರೆ. ಅಲ್ಲಿ ಅವನು ತಹಸೀಲ್ದಾರರನ್ನು ಕೂಡ ಕೂರಿಸುವುದಿಲ್ಲ. ಅದು ಹೆಂಡತಿ ಪಂಪಾವತಿಗೆಂದು ಮಾಡಿಸಿದ್ದು. ಚೊಚ್ಚಲ ಬಸಿರಿನಲ್ಲಿ ತವರಿಗೆ ಹೊರಟಾಗ, ಇದೇ ರಸ್ತೆಯಲ್ಲಿ ಬಂಡಿ ತಗ್ಗಿಗೆ ಬಿದ್ದ ಏಟಿಗೆ ಆಕೆಯ ಕೂಸು ಹೋಯಿತು. ಅಂದಿನಿಂದ ಆಕೆ ತವರಿಗೆ ನಡೆದೇ ಹೋಗುತ್ತಾಳೆ. ಕೊಟ್ರಪ್ಪ ಪಕ್ಕದಲ್ಲೇ ಫಟಫಟಿಯನ್ನು ನಿಧಾನವಾಗಿ ಓಡಿಸುತ್ತ, “ಹೊಸಾ ಸ್ಪ್ರಿಂಗ್ ಹಾಕ್ಸೀನಿ, ಭಾಳ ಮೆತ್ತಗೈತಿ, ಒಮ್ಮಿ ಕುಂತು ನೋಡು” ಎಂದು ಅಂಗಲಾಚುತ್ತಾನೆ. ಆಕೆ ದಾರಿಯ ಬದಿಯಿಂದ ಒಂದು ಕಲ್ಲು ಎತ್ತಿ ತಗ್ಗಿನೊಳಗೆ ಹಾಕಿ, ಮುಂದೆ ನಡೆಯುತ್ತಾಳೆ.